ಪಿತ್ರಾರ್ಜಿತ ಕೋವಿ: ಗುರುತು, ಶಕ್ತಿ ಮತ್ತು ಬೆಲೆ

ಹಿರಿಯರಿಂದ ಇಳಿದು ಬಂದ ಅಥವಾ ಮತ್ತೊಬ್ಬರು ಬಳಸಿ ಬಿಟ್ಟ ಹಳೆಯ ರೈಫಲ್ಲೊಂದರ ಬೆಲೆ ಕಟ್ಟಲು ಹೊರಟವನು ಮೂರು ವಿಷಯಗಳನ್ನು ಅನುಕ್ರಮವಾಗಿ ನಿರ್ಣಯಿಸಬೇಕಾಗುತ್ತದೆ: ಇದು ಯಾವ ರೈಫಲ್, ಇದು ಮೊದಲು ಇದ್ದ ಅದೇ ರೈಫಲ್ ಹೌದೇ, ಇದರಲ್ಲಿ ಬೆಲೆಬಾಳುವ ಅಂಶ ಯಾವುದು. ಇವನ್ನು ಬಂದೂಕಿನ ವ್ಯಾಪಾರಿಗೂ ಸಂಗ್ರಾಹಕನಿಗೂ ಬಿಟ್ಟುಕೊಡುವುದು ರೂಢಿಯಾದರೂ, ಪದಾರ್ಥ ಎಂದರೇನು, ಭಾಗಗಳು ಬದಲಾದ ಮೇಲೂ ವಸ್ತು ಉಳಿಯುತ್ತದೆಯೇ, ವಸ್ತುವಿನ ಸಾಮರ್ಥ್ಯವು ಅದು ಕೆಲಸ ಮಾಡದಿರುವಾಗ ಎಲ್ಲಿರುತ್ತದೆ ಎಂದು ಭಾರತೀಯ ದರ್ಶನಗಳು ಶತಮಾನಗಳ ಕಾಲ ನಡೆಸಿದ ವಾದಗಳು ಇಲ್ಲಿ ಬೇರೆ ವೇಷದಲ್ಲಿ ಎದುರಾಗುತ್ತವೆ. ಮಡಕೆ, ಬಟ್ಟೆ, ರಥ, ಬೆಂಕಿಗಳನ್ನು ಇಟ್ಟುಕೊಂಡು ನಡೆದ ಆ ವಾದಗಳಿಗೆ ರೈಫಲ್ ಇನ್ನೂ ಕಠಿಣವಾದ ಉದಾಹರಣೆ, ಏಕೆಂದರೆ ಮಡಕೆಯ ಬೆಲೆಯನ್ನು ತಪ್ಪಾಗಿ ಕಟ್ಟಿದವನಿಗೆ ಹಣ ಮಾತ್ರ ನಷ್ಟವಾಗುತ್ತದೆ. ರೈಫಲಿನ ವಿಷಯದಲ್ಲಿ ತಪ್ಪು ಜೀವಕ್ಕೇ ತಗಲಬಹುದು.

ಭಾರತದಲ್ಲಿ ಈ ವಿಚಾರಕ್ಕೆ ಹೆಚ್ಚು ತಕ್ಕುದಾದ ವಸ್ತು ಲೀ-ಎನ್‌ಫೀಲ್ಡ್ ರೈಫಲ್. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳು ಗುಂಡನ್ನು ತಿರುಗಿಸುತ್ತ ಹೊರಗೆ ತಳ್ಳುವ ಕೋವಿಗೆ ರೈಫಲ್ ಎಂದು ಹೆಸರು. ಚರೆಗಳನ್ನು ಹಾರಿಸುವ, ಒಳಗೆ ನುಣುಪಾದ ಒಂಟಿನಳಿಗೆ ಅಥವಾ ಜೋಡುನಳಿಗೆ ಕೋವಿಗಳು ಆ ವರ್ಗಕ್ಕೆ ಸೇರುವುದಿಲ್ಲ. ಬ್ರಿಟಿಷ್ ಸೇನೆ 1907ರಲ್ಲಿ ಸ್ವೀಕರಿಸಿದ ಮಾರ್ಕ್ 3 ಮಾದರಿಯೂ, ಮೊದಲನೆಯ ಮಹಾಯುದ್ಧದ ಒತ್ತಡದಲ್ಲಿ ಕೆಲವು ಭಾಗಗಳನ್ನು ಕೈಬಿಟ್ಟು 1916ರಿಂದ ಸರಳಗೊಳಿಸಿ ಹೆಸರಿನ ಮುಂದೆ ನಕ್ಷತ್ರ ಚಿಹ್ನೆ ಸೇರಿಸಿದ ಮಾದರಿಯೂ ಇಂಗ್ಲೆಂಡಿನ ಎನ್‌ಫೀಲ್ಡ್ ಮತ್ತು ಬರ್ಮಿಂಗ್‌ಹ್ಯಾಮ್, ಆಸ್ಟ್ರೇಲಿಯದ ಲಿತ್ಗೋ, ಬಂಗಾಳದ ಇಶಾಪುರ ಕಾರ್ಖಾನೆಗಳಲ್ಲಿ ತಯಾರಾದವು. ಇಂಥ ರೈಫಲಿನ ಬೋಲ್ಟ್ ಹಿಡಿಯ ಕೆಳಗೆ, ಮರದ ಹಿಡಿಯನ್ನು ಕಚ್ಚಿಕೊಂಡಿರುವ ಉಕ್ಕಿನ ಪಟ್ಟಿಯ ಬಲಬದಿಯನ್ನು ಒಣಬಟ್ಟೆಯಿಂದ ಒರೆಸಿ ಓರೆ ಬೆಳಕಿನಲ್ಲಿ ನೋಡಿದರೆ ಅದರ ಜಾತಕವೇ ಕಾಣಸಿಗುತ್ತದೆ: ಮೇಲೆ ಕಿರೀಟ, ಅದರ ಕೆಳಗೆ ಏಳನೆಯ ಎಡ್ವರ್ಡನ ಕಾಲದ್ದಾದರೆ 'ಇ.ಆರ್.', ಜಾರ್ಜ್ ದೊರೆಗಳ ಕಾಲದ್ದಾದರೆ 'ಜಿ.ಆರ್.', ಇಶಾಪುರದ್ದಾದರೆ ಚಕ್ರವರ್ತಿ ಎಂಬುದನ್ನು ಸೂಚಿಸುವ ಇನ್ನೊಂದು ಅಕ್ಷರ ಸೇರಿದ 'ಜಿ.ಆರ್.ಐ.', ಆಮೇಲೆ ಕಾರ್ಖಾನೆಯ ಹೆಸರು, ವರ್ಷ, ಮಾದರಿ. ಸ್ವಾತಂತ್ರ್ಯಾನಂತರ ಇಶಾಪುರದಲ್ಲಿ ತಯಾರಾದವುಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು. 1960ರ ದಶಕದಲ್ಲಿ ಅದೇ ಕಾರ್ಖಾನೆ 7.62 ಮಿಲಿಮೀಟರ್ ತೋಟಾಕ್ಕೆ ಹೊಂದುವಂತೆ 2ಎ ಮತ್ತು 2ಎ1 ಎಂಬ ರೈಫಲುಗಳನ್ನು ಹೊರತಂದಿತು. ಹೊರನೋಟಕ್ಕೆ ಅವು ಹಳೆಯ .303ರಂತೆಯೇ ಕಂಡರೂ ಒಂದರ ತೋಟಾ ಇನ್ನೊಂದಕ್ಕೆ ಆಗುವುದಿಲ್ಲ. ನಾಗರಿಕರಿಗೆ ಪರವಾನಗಿಯ ಮೇಲೆ ಸಿಗುವ ಇಶಾಪುರದ ಬೇಟೆ ರೈಫಲ್ .315 ಬೋರಿನದು. ಮನೆಯವರು 'ತ್ರೀ-ನಾಟ್-ತ್ರೀ' ಎಂದು ಅಭಿಮಾನದಿಂದ ಹೇಳಿಕೊಳ್ಳುವ ಕೋವಿ ಅಕ್ಷರಗಳನ್ನು ಓದಿದಾಗ .315 ಎಂದು ತಿಳಿಯುವುದುಂಟು, ಮತ್ತು ಮಿಲಿಟರಿ ಬೋರುಗಳನ್ನು ನಿಷೇಧಿತ ವರ್ಗದಲ್ಲಿಟ್ಟಿರುವ ದೇಶದಲ್ಲಿ ಈ ಭೇದವು ಬೆಲೆಗಿಂತ ಮೊದಲು ಕಾನೂನಿನ ಪ್ರಶ್ನೆಯಾಗುತ್ತದೆ.

ಎರಡನೆಯ ಪ್ರಶ್ನೆ ಅಂಕಿಗಳಿಂದ ಹುಟ್ಟುತ್ತದೆ. ಲೀ-ಎನ್‌ಫೀಲ್ಡ್ ರೈಫಲಿನ ಕ್ರಮಸಂಖ್ಯೆಯನ್ನು ಬೋಲ್ಟನ್ನು ಒಳಗೊಂಡ ಉಕ್ಕಿನ ಚೌಕಟ್ಟಿನ ಮೇಲೆ, ನಳಿಗೆಯ ಮೇಲೆ, ಬೋಲ್ಟ್ ಹಿಡಿಯ ಹಿಂಬದಿಯಲ್ಲಿ, ಗುರಿಪಟ್ಟಿಯ ಅಡಿಯಲ್ಲಿ, ನಳಿಗೆಯ ತುದಿಯ ಲೋಹದ ಮೂತಿಯ ಮೇಲೆ ಹೀಗೆ ಹಲವೆಡೆ ಒತ್ತಿರುತ್ತಾರೆ. ಎಲ್ಲವೂ ಒಂದೇ ಆಗಿದ್ದರೆ ಸಂಗ್ರಾಹಕ ಹೆಚ್ಚು ಹಣ ಕೊಡುತ್ತಾನೆ. ಆದರೆ ಸೇನೆಯ ದುರಸ್ತಿ ಶಾಲೆಗಳಲ್ಲಿ ಒಡೆದ ಹಿಡಿಯನ್ನೂ ಸವೆದ ನಳಿಗೆಯನ್ನೂ ಬದಲಿಸಿ, ಬೇರೆ ಬೋಲ್ಟನ್ನು ಜೋಡಿಸಿ, ಹಳೆಯ ಅಂಕಿಯ ಮೇಲೆ ಗೆರೆ ಎಳೆದು ಹೊಸ ಅಂಕಿ ಒತ್ತಿ, ದುರಸ್ತಿಯಾದ ವರ್ಷವನ್ನೂ ನಮೂದಿಸಿ ಮತ್ತೆ ಸೈನಿಕರಿಗೆ ಕೊಟ್ಟ ರೈಫಲುಗಳು ಭಾರತದಲ್ಲಿ ಹೇರಳವಾಗಿವೆ. 1917ರಲ್ಲಿ ತಯಾರಾಗಿ, ನಳಿಗೆಯನ್ನೂ ಹಿಡಿಯನ್ನೂ ಬೋಲ್ಟನ್ನೂ ಕಳೆದುಕೊಂಡು ಹೊಸದನ್ನು ಪಡೆದ ಅಂಥದೊಂದು ರೈಫಲ್ 1917ರದ್ದೇ ಎನ್ನಲು ಆಧಾರವೇನು?

ನ್ಯಾಯ-ವೈಶೇಷಿಕರ ಉತ್ತರ ಇಲ್ಲಿ ನಿಷ್ಠುರವಾದದ್ದು. ಅವರ ಮತದಲ್ಲಿ ಅವಯವಿ, ಅಂದರೆ ಭಾಗಗಳಿಂದಾದ ಇಡಿಯ ವಸ್ತು, ಭಾಗಗಳ ಮೊತ್ತಕ್ಕಿಂತ ಬೇರೆಯಾದ ಪದಾರ್ಥವಾಗಿದ್ದು ಸಮವಾಯವೆಂಬ ಬಿಡಿಸಲಾಗದ ಸಂಬಂಧದಿಂದ ಭಾಗಗಳಲ್ಲಿ ನೆಲೆಸಿರುತ್ತದೆ. ಆದುದರಿಂದಲೇ ಒಂದು ಭಾಗ ಕಳಚಿದರೆ ಹಳೆಯ ಅವಯವಿ ನಾಶವಾಗಿ ಉಳಿದ ಭಾಗಗಳಲ್ಲಿ ಹೊಸದೊಂದು ಹುಟ್ಟುತ್ತದೆ, ಅದೇ ಇದು ಎಂಬ ಗುರುತಿಸುವಿಕೆಯಾದ ಪ್ರತ್ಯಭಿಜ್ಞೆ ಆಮೇಲೆ ಸಾದೃಶ್ಯದ ಬಲದಿಂದ ನಡೆಯುತ್ತದೆ. ರಥದ ಅಚ್ಚು, ಗಾಲಿ, ನೊಗಗಳಲ್ಲಿ ಎಲ್ಲಿಯೂ ರಥ ಸಿಗುವುದಿಲ್ಲವೆಂದು ರಾಜ ಮಿಲಿಂದನಿಗೆ ನಾಗಸೇನ ತೋರಿಸಿಕೊಟ್ಟ ಬೌದ್ಧ ಪಕ್ಷವಂತೂ ಅವಯವಿಯನ್ನೇ ಒಪ್ಪದೆ, ರೈಫಲ್ ಎಂಬುದು ವ್ಯವಹಾರಕ್ಕಾಗಿ ಇಟ್ಟುಕೊಂಡ ಹೆಸರು ಎಂದೇ ಹೇಳಬೇಕಾಗುತ್ತದೆ. ಭಾರತದ ಶಸ್ತ್ರ ಕಾಯ್ದೆ ಈ ಎರಡೂ ಪಕ್ಷಗಳನ್ನು ಬದಿಗಿಟ್ಟು, ವಸ್ತುವಿನ ಆತ್ಮವನ್ನು ಒಂದು ಸಂಖ್ಯೆಯಲ್ಲಿ ಪ್ರತಿಷ್ಠಾಪಿಸಿದೆ: 1959ರ ಕಾಯ್ದೆಯ 8ನೆಯ ಕಲಮು ಕೋವಿಯ ಮೇಲೆ ಒತ್ತಿದ ಹೆಸರು, ಸಂಖ್ಯೆ ಅಥವಾ ಗುರುತನ್ನು ಅಳಿಸುವುದನ್ನೂ ತಿದ್ದುವುದನ್ನೂ ನಿಷೇಧಿಸುತ್ತದೆ. ಆಡಳಿತಕ್ಕೆ ಇದು ಅನುಕೂಲ. ತತ್ತ್ವದ ದೃಷ್ಟಿಯಿಂದ ನೋಡಿದರೆ, ಒತ್ತಿದ ಸಂಖ್ಯೆಯೂ ಉಕ್ಕಿನ ಮೇಲಿನ ಇನ್ನೊಂದು ಗೀರೇ ಆದ್ದರಿಂದ, ಪ್ರಶ್ನೆ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತೇ ಹೊರತು ಬಗೆಹರಿಯಲಿಲ್ಲ.

ಮನೆಮಾತಾಗಿ ಬಂದ ಕಥೆಗಳ ವಿಷಯವೂ ಇಲ್ಲಿ ಬರುತ್ತದೆ. ಅಜ್ಜ ಈ ಕೋವಿಯಿಂದಲೇ ಹುಲಿ ಹೊಡೆದರು, ದೊರೆಯೊಬ್ಬ ಮೆಚ್ಚಿ ಇದನ್ನು ಬಹುಮಾನವಾಗಿ ಕೊಟ್ಟ ಎಂಬಂಥ ಮಾತುಗಳು ಐತಿಹ್ಯ, ಅಂದರೆ ಮೊದಲು ಹೇಳಿದವರಾರೆಂದು ತಿಳಿಯದ ಪರಂಪರೆಯ ಮಾತು. ಪೌರಾಣಿಕರು ಐತಿಹ್ಯವನ್ನು ಸ್ವತಂತ್ರ ಪ್ರಮಾಣವೆಂದು ಎಣಿಸಿದರೆ ನೈಯಾಯಿಕರು ಅದನ್ನು ಶಬ್ದಪ್ರಮಾಣದೊಳಗೆ ಸೇರಿಸಿ, ಹೇಳಿದವನು ಆಪ್ತ, ಅಂದರೆ ವಿಷಯ ಬಲ್ಲ ನಂಬಿಗಸ್ತ, ಆಗಿದ್ದರೆ ಮಾತ್ರ ಒಪ್ಪಿದರು. ಬೆಲೆ ಕಟ್ಟುವವರು ತಮಗರಿವಿಲ್ಲದೆಯೇ ಇಲ್ಲಿ ನೈಯಾಯಿಕರು: ಅವರು ಕಥೆಗೆ ತಲೆದೂಗಿದರೂ ಬೆಲೆ ಸೇರಿಸುವುದು ಹಳೆಯ ರಸೀದಿಗೆ, ಪತ್ರಕ್ಕೆ, ಸಂಖ್ಯೆ ಕಾಣುವ ಪರವಾನಗಿ ಪುಸ್ತಕಕ್ಕೆ, ಅಥವಾ ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್ ಮುಂತಾದ ಇಂಗ್ಲಿಷ್ ತಯಾರಕರು ಕ್ರಮಸಂಖ್ಯೆಯ ಪ್ರಕಾರ ಇಟ್ಟುಕೊಂಡು ಬಂದ ಲೆಕ್ಕದ ಪುಸ್ತಕಗಳಿಗೆ. ಹಾಗೆಂದು ದಾಖಲೆಯಿಲ್ಲದ ಕಥೆಯನ್ನು ಸುಳ್ಳೆಂದು ತಳ್ಳಿಹಾಕುವುದು ಅವಿವೇಕ. ಅದು ಪೇಟೆಯಲ್ಲಿ ಸಲ್ಲದ ಪ್ರಮಾಣ, ಅಷ್ಟೇ.

ಇಷ್ಟರಮಟ್ಟಿಗೆ ಗುರುತಿನ ಮಾತಾಯಿತು. ಬೆಲೆಯ ಪ್ರಶ್ನೆಗೆ ಬಂದಾಗ ಜೈನ ತಾರ್ಕಿಕ ಸಮಂತಭದ್ರನ ದೃಷ್ಟಾಂತವೊಂದು ನೆರವಿಗೆ ಬರುತ್ತದೆ. ಇರುವ ವಸ್ತುವೆಲ್ಲ ಉತ್ಪಾದ, ವ್ಯಯ, ಧ್ರೌವ್ಯಗಳಿಂದ, ಎಂದರೆ ಹುಟ್ಟು, ಅಳಿವು, ಉಳಿವು ಎಂಬ ಮೂರರಿಂದ ಕೂಡಿದೆ ಎಂಬ ಜೈನ ಸಿದ್ಧಾಂತವನ್ನು ವಿವರಿಸಲು ಅವನು 'ಆಪ್ತಮೀಮಾಂಸೆ'ಯಲ್ಲಿ ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದ ಪ್ರಸಂಗವನ್ನು ತರುತ್ತಾನೆ: ಕೊಡ ಬೇಕಾಗಿದ್ದವನಿಗೆ ದುಃಖ, ಕಿರೀಟ ಬೇಕಾಗಿದ್ದವನಿಗೆ ಸಂತೋಷ, ಚಿನ್ನ ಬೇಕಾಗಿದ್ದವನಿಗೆ ಎರಡೂ ಇಲ್ಲ, ಮತ್ತು ಮೂವರ ಭಾವಕ್ಕೂ ವಸ್ತುವಿನಲ್ಲಿಯೇ ಕಾರಣವಿದೆ. ಬೆಲೆಯು ನೋಡುವವನ ಕಣ್ಣಿನಲ್ಲಿ ಮಾತ್ರ ಇರುತ್ತದೆಂಬ ಸುಲಭದ ಮಾತನ್ನು ಸಮಂತಭದ್ರ ಒಪ್ಪುವುದಿಲ್ಲವೆಂಬುದನ್ನು ಗಮನಿಸಬೇಕು. ಮೂವರೂ ವಸ್ತುವಿನ ನಿಜವಾದ ಮೂರು ಮುಖಗಳನ್ನು ಹಿಡಿದಿದ್ದಾರೆ, ಯಾರದೂ ಭ್ರಮೆಯಲ್ಲ.

ಹಳೆಯ ಮಿಲಿಟರಿ ರೈಫಲಿನ ಉದ್ದನೆಯ ಮರದ ಹೊದಿಕೆಯನ್ನು ಕತ್ತರಿಸಿ, ಮೂತಿಯನ್ನು ತೆಗೆದು, ಹಗುರವಾದ ಬೇಟೆ ಕೋವಿಯಾಗಿ ಮಾಡಿಸಿದ ಉದಾಹರಣೆಗಳು ಹಲವು ದೇಶಗಳಲ್ಲಿವೆ. ಅದನ್ನು ಕಂಡು ಸಂಗ್ರಾಹಕ ಕೊಡ ಕಳೆದುಕೊಂಡವನಂತೆ ನೊಂದರೆ, ಬೇಟೆಗಾರ ಕಿರೀಟ ಸಿಕ್ಕವನಂತೆ ಹಿಗ್ಗುತ್ತಾನೆ. ಆದರೆ ಮೂರನೆಯವನ ಸ್ಥಾನದಲ್ಲಿ ದೃಷ್ಟಾಂತ ತೊಡಕುತ್ತದೆ. ಚಿನ್ನ ಬೇಕಾದವನು ತಟಸ್ಥನಾಗಿರಬಲ್ಲ, ಏಕೆಂದರೆ ಚಿನ್ನ ತಾನಾಗಿ ಯಾರಿಗೂ ಏನನ್ನೂ ಮಾಡುವುದಿಲ್ಲ. ರೈಫಲಿನಲ್ಲಿ ಎಲ್ಲ ರೂಪಾಂತರಗಳ ಕೆಳಗೂ ಉಳಿದು ಬರುವುದು ಉಕ್ಕು ಮಾತ್ರವೇ ಆಗಿದ್ದರೆ ಅದನ್ನು ಗುಜರಿ ತೂಕದಲ್ಲಿ ಅಳೆಯಬಹುದಿತ್ತು. ಸುಮಾರು ನಾಲ್ಕು ಕಿಲೋ ತೂಗುವ ಲೀ-ಎನ್‌ಫೀಲ್ಡನ್ನು ಯಾರೂ ಹಾಗೆ ಕೊಳ್ಳುವುದಿಲ್ಲ. ಉಳಿದು ಬರುವುದು ಇನ್ನೇನೋ ಒಂದು, ಮತ್ತು ಅದಕ್ಕೆ ಮೀಮಾಂಸಕರ ಬಳಿ ಹೆಸರಿದೆ.

ಶಕ್ತಿಯನ್ನು ಕುರಿತ ವಾದ ಭಾರತೀಯ ದರ್ಶನಗಳಲ್ಲಿ ಬೆಂಕಿಯ ಉದಾಹರಣೆಯಿಂದ ಆರಂಭವಾಗುತ್ತದೆ. ಚಂದ್ರಕಾಂತ ಮಣಿಯನ್ನೋ ಮಂತ್ರವನ್ನೋ ಪ್ರಯೋಗಿಸಿದರೆ ಬೆಂಕಿ ಕಣ್ಣೆದುರಿಗೆ ಉರಿಯುತ್ತಿದ್ದರೂ ಸುಡುವುದಿಲ್ಲವೆಂದು ಎರಡೂ ಪಕ್ಷಗಳು ಒಪ್ಪಿಕೊಂಡು ವಾದಿಸುತ್ತವೆ. ಬೆಂಕಿಯ ರೂಪ ಹಾಗೆಯೇ ಇದ್ದು ಕಾರ್ಯ ಮಾತ್ರ ನಿಂತಿತಾದ್ದರಿಂದ ಕಣ್ಣಿಗೆ ಕಾಣದ ದಾಹಕ ಶಕ್ತಿಯೊಂದು ಅದರಲ್ಲಿದ್ದು ಈಗ ತಡೆಹಿಡಿಯಲ್ಪಟ್ಟಿದೆ, ಆ ಶಕ್ತಿಯನ್ನು ಅರ್ಥಾಪತ್ತಿಯಿಂದ, ಎಂದರೆ ಅದನ್ನು ಊಹಿಸದೆ ಕಂಡದ್ದನ್ನು ವಿವರಿಸಲಾಗದು ಎಂಬ ಪ್ರಮಾಣದಿಂದ, ತಿಳಿಯುತ್ತೇವೆ ಎನ್ನುವುದು ಮೀಮಾಂಸಕರ ಪಕ್ಷ. ನೈಯಾಯಿಕರು ಅಂಥ ಅದೃಶ್ಯ ಪದಾರ್ಥದ ಅಗತ್ಯವಿಲ್ಲವೆಂದು, ತಡೆಯ ಅಭಾವವನ್ನೂ ಕಾರಣ ಸಾಮಗ್ರಿಯಲ್ಲಿ ಸೇರಿಸಿಕೊಂಡರೆ ಸಾಕೆಂದು ಹೇಳುತ್ತಾರೆ. ಕರ್ನಾಟಕದಲ್ಲಿ ಬೆಳೆದ ದ್ವೈತ ಸಿದ್ಧಾಂತವು ಶಕ್ತಿಯನ್ನು ಪ್ರತ್ಯೇಕ ಪದಾರ್ಥವಾಗಿ ಒಪ್ಪಿ, ಅದನ್ನು ನಾಲ್ಕಾಗಿ ವಿಂಗಡಿಸುತ್ತದೆ. ಪರಮಾತ್ಮನಲ್ಲಿ ಪೂರ್ಣವಾಗಿರುವ ಅಚಿಂತ್ಯ ಶಕ್ತಿಯನ್ನೂ ಪದಗಳು ಅರ್ಥವನ್ನು ತಿಳಿಸುವ ಪದಶಕ್ತಿಯನ್ನೂ ಬಿಟ್ಟರೆ ಉಳಿಯುವ ಎರಡು ಇಲ್ಲಿಗೆ ಬೇಕಾದವು: ವಸ್ತುವಿನ ಸ್ವಭಾವದಲ್ಲಿಯೇ ಇರುವ ಸಹಜ ಶಕ್ತಿ ಮತ್ತು ಪ್ರತಿಷ್ಠೆಯಿಂದ ವಿಗ್ರಹಕ್ಕೆ ಬರುವಂತೆ ಹೊರಗಿನಿಂದ ತುಂಬಲ್ಪಡುವ ಆಧೇಯ ಶಕ್ತಿ.

ಮೀಮಾಂಸಕರ ಅರ್ಥಾಪತ್ತಿಗೆ ಕೋವಿಯ ಲೋಕದಲ್ಲಿ ಒಂದು ಸಂಸ್ಥೆಯೇ ಇದೆ. ಲಂಡನ್ನಿನ ಕೋವಿ ತಯಾರಕರ ಸಂಘ 1637ರಲ್ಲಿ ರಾಜಸನದು ಪಡೆದು, ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಸ್ಥಾಪಿತವಾಗಿ, ಮಾರಾಟಕ್ಕೆ ಬರುವ ನಳಿಗೆಗಳಲ್ಲಿ ಸಾಮಾನ್ಯಕ್ಕಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿ, ಸೀಳದೆ ಉಳಿದವುಗಳ ಮೇಲೆ ಮಾತ್ರ ಮುದ್ರೆ ಒತ್ತುವ ಪದ್ಧತಿ ನೆಲೆಗೊಂಡಿತು. ಶಕ್ತಿಯನ್ನು ಕಣ್ಣಿನಿಂದ ಕಾಣಲಾಗದು, ಕಾರ್ಯದಿಂದ ಮಾತ್ರ ತಿಳಿಯಬಹುದೆಂಬುದನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ಉದ್ಯಮ ಇನ್ನೊಂದಿರಲಾರದು. ಆ ಮುದ್ರೆ ಹೇಳುವುದು ಒತ್ತಿದ ದಿನದ ಮಾತನ್ನು ಮಾತ್ರ ಎಂಬುದು ಹಳೆಯ ಕೋವಿ ಕೊಳ್ಳುವವರು ಮರೆಯುವ ಅಂಶ. ಕಪ್ಪು ಮದ್ದಿನ ಕಾಲದಲ್ಲಿ ಪರೀಕ್ಷೆಯಾದ, ಕಬ್ಬಿಣ ಮತ್ತು ಉಕ್ಕಿನ ಎಳೆಗಳನ್ನು ಹೆಣೆದು ಮಾಡಿದ ಸುಂದರವಾದ ಡಮಾಸ್ಕಸ್ ನಳಿಗೆಗೆ ಇಂದಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಿದರೆ ಅದು ಹಿಡಿದವನ ಕೈಯಲ್ಲೇ ಸೀಳಬಹುದು. ಮುದ್ರೆಗಳನ್ನು ಓದಬಲ್ಲ ಪರಿಣತನೊಬ್ಬ ನಳಿಗೆಯನ್ನು ಅಳೆದು ನೋಡುವ ತನಕ ಪಿತ್ರಾರ್ಜಿತ ಕೋವಿಯನ್ನು ಹಾರಿಸದಿರುವುದೇ ಸರಿ.

ತಡೆಯಲ್ಪಟ್ಟ ಶಕ್ತಿಯ ಉದಾಹರಣೆಗಾಗಿ ಮಣಿಮಂತ್ರಗಳನ್ನು ಹುಡುಕಬೇಕಾಗಿಯೂ ಇಲ್ಲ. ಮಲೆನಾಡಿನ ರೈತರು ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳನ್ನು ಪ್ರತಿ ಚುನಾವಣೆಯ ಹೊತ್ತಿನಲ್ಲೂ ಠಾಣೆಗೆ ಒಪ್ಪಿಸಬೇಕಾಗುತ್ತದೆ, ಫಲಿತಾಂಶ ಬಂದ ಮೇಲೆ ಹಿಂದಕ್ಕೆ ತರಬೇಕಾಗುತ್ತದೆ. ಆ ವಾರಗಳಲ್ಲಿ ಠಾಣೆಯ ಕೊಠಡಿಯಲ್ಲಿ ಚೀಟಿ ಕಟ್ಟಿಕೊಂಡು ಸಾಲಾಗಿ ನಿಂತ ಕೋವಿಗಳಲ್ಲಿ ಶಕ್ತಿ ಇಲ್ಲವಾಯಿತೆಂದು ಯಾರೂ ಹೇಳುವುದಿಲ್ಲ, ಅಡಿಕೆ ತೋಟಕ್ಕೆ ನುಗ್ಗುವ ಮಂಗಗಳಿಗೆ ಮಾತ್ರ ಅದು ಇಲ್ಲವಾದಂತೆಯೇ. ಸರ್ಕಾರ ಅಲ್ಲಿ ನಡೆಸುವುದು ಪ್ರತಿಬಂಧಕವೊಂದನ್ನು ಇಡುವ ಮತ್ತು ತೆಗೆಯುವ ಕ್ರಿಯೆ.

ಆಧೇಯ ಶಕ್ತಿಗೆ ಕೊಡಗಿಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. 1834ರಲ್ಲಿ ಬ್ರಿಟಿಷರ ವಶವಾದ ಆ ನಾಡಿನ ಜನರಿಗೆ 1861ರಲ್ಲಿ ನಿಶ್ಶಸ್ತ್ರೀಕರಣದ ಕಾನೂನಿನಿಂದ ವಿನಾಯಿತಿ ದೊರೆಯಿತು, ಮತ್ತು ಅದು ಒಂದಲ್ಲ ಒಂದು ರೂಪದಲ್ಲಿ ಮುಂದುವರಿದು ಬಂದಿದೆ: 2019ರಲ್ಲಿ ಕೇಂದ್ರ ಸರ್ಕಾರ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ, ಎಂದರೆ ಸೈನಿಕ ಸೇವೆಯ ಪ್ರತಿಯಾಗಿ ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಭೂಮಿ ಪಡೆದವರಿಗೂ, ಇನ್ನೂ ಹತ್ತು ವರ್ಷ ಅದನ್ನು ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಬೇರೆಡೆ ಪರವಾನಗಿ ಪುಸ್ತಕದಲ್ಲಿ ಒಬ್ಬ ಮನುಷ್ಯನ ಹೆಸರೂ ಒಂದು ಕೋವಿಯ ಸಂಖ್ಯೆಯೂ ಜೊತೆಯಾಗಿ ನಿಲ್ಲುತ್ತವೆ. ಕೊಡಗಿನಲ್ಲಿ ಹುಟ್ಟು ಮತ್ತು ನೆಲ ಆ ಸ್ಥಾನದಲ್ಲಿವೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸುವ ವಾಡಿಕೆಯಿದ್ದು, ಗದ್ದೆಯ ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಮನೆತನದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಕನ್ನಿಕೊಂಬರೆ ಎಂಬ ದೇವರ ಕೋಣೆಯಲ್ಲಿಟ್ಟು, ಗಂಧ ಹಚ್ಚಿ, ತೋಕ್‌ಪೂ, ಎಂದರೆ ಕೆಂಪು-ಹಳದಿ ದಳಗಳು ಜ್ವಾಲೆಯಂತೆ ಮೇಲಕ್ಕೆ ಮಡಿಚಿಕೊಳ್ಳುವ ಅಗ್ನಿಶಿಖೆಯ ಹೂವನ್ನು ನಳಿಗೆಗೆ ಸಿಕ್ಕಿಸಿ ಪೂಜಿಸುತ್ತಾರೆ. ಪೂಜೆಯ ಬಳಿಕ ಹಿಂದೆ ಬೇಟೆಗೆ ಹೋಗುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಬೇಟೆಗೆ ಅವಕಾಶವಿಲ್ಲವಾಗಿ, ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಆ ದಿನದ ಮುಖ್ಯ ಆಟವಾಗಿ ಉಳಿದಿದೆ.

ಈ ಗಂಧದ ವಿಷಯದಲ್ಲಿ ಭಕ್ತನಿಗೂ ಸಂಗ್ರಾಹಕನಿಗೂ ನೇರವಾದ ವಿರೋಧವಿದೆ. ತೇವದ ಗಂಧವನ್ನು ಒರೆಸದೆ ಬಿಟ್ಟರೆ ಅದರಡಿ ತುಕ್ಕಿನ ಚುಕ್ಕೆ ಏಳುತ್ತದೆ. ಚುಕ್ಕೆಯನ್ನು ಹೋಗಲಾಡಿಸಲು ಮನೆಯವರು ಮರಳುಕಾಗದದಿಂದ ಉಜ್ಜಿ ನಳಿಗೆ ಬೆಳ್ಳಗೆ ಹೊಳೆಯುವಂತೆ ಮಾಡುತ್ತಾರೆ, ಮತ್ತು ಮೂಲದ ಕಪ್ಪುನೀಲಿ ಲೇಪ ಹೋಗಿ ಅಕ್ಷರಗಳ ಅಂಚು ಸವೆದ ಆ ಕೋವಿಯ ಬೆಲೆ ಸಂಗ್ರಾಹಕನ ಲೆಕ್ಕದಲ್ಲಿ ಅರ್ಧಕ್ಕರ್ಧ ಇಳಿದರೂ ಆಶ್ಚರ್ಯವಿಲ್ಲ. ಮನೆಯವರ ದೃಷ್ಟಿಯಲ್ಲಿ ನಡೆದದ್ದು ಶುದ್ಧೀಕರಣ. ಇಬ್ಬರೂ ಅದೇ ಉಕ್ಕಿನಲ್ಲಿ ಎರಡು ಬೇರೆ ಆಧೇಯ ಶಕ್ತಿಗಳನ್ನು, ಒಬ್ಬ ಕಾರ್ಖಾನೆಯ ಮತ್ತು ಇತಿಹಾಸದ ಮುದ್ರೆಯನ್ನು, ಇನ್ನೊಬ್ಬ ಕುಲದ ಮತ್ತು ಪೂಜೆಯ ಸಾನ್ನಿಧ್ಯವನ್ನು, ಕಾಣುತ್ತಿದ್ದಾರೆಂದು ಹೇಳಬಹುದು. ತುಂಬಲ್ಪಡುವುದು ಯಾವಾಗಲೂ ಮಂಗಳಕರವಾಗಿರಬೇಕೆಂದೂ ಇಲ್ಲ. 1853ರ ಮಾದರಿಯ ಎನ್‌ಫೀಲ್ಡ್ ಕೋವಿಯ ಕಾಗದದ ತೋಟಾಕ್ಕೆ ದನದ ಮತ್ತು ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಹಬ್ಬಿದಾಗ, ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ ಸಿಪಾಯಿಗಳಿಗೆ ಆ ಕೋವಿಯ ಸಹಜ ಶಕ್ತಿ ಎಷ್ಟು ಶ್ರೇಷ್ಠವಾಗಿದ್ದರೂ ಬೇಡವಾಯಿತು. 1857ರ ಬಂಡಾಯಕ್ಕೆ ಅದು ಒಂದೇ ಕಾರಣವಲ್ಲದಿದ್ದರೂ, ವಸ್ತುವಿಗೆ ಅಂಟಿದ ಅಶುಚಿಯೊಂದು ಅದರ ಯಾಂತ್ರಿಕ ಗುಣವನ್ನು ಪೂರ್ತಿ ನುಂಗಿಹಾಕಬಲ್ಲದೆಂಬುದಕ್ಕೆ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹೀಗೆ ಎರಡು ಶಕ್ತಿಗಳನ್ನು ಬೇರ್ಪಡಿಸಿದ ಮೇಲೆ ಪೇಟೆಯ ಬೆಲೆಯಲ್ಲಿ ಅವು ಹೇಗೆ ಬೆರೆತಿರುತ್ತವೆಂಬುದು ಗೋಚರಿಸುತ್ತದೆ. ತಾನು ಎಂದೂ ಗುಂಡು ಹಾರಿಸುವವನಲ್ಲ, ಗೋಡೆಯ ಮೇಲೆ ಇತಿಹಾಸದ ಕುರುಹಾಗಿ ತೂಗುಹಾಕುವುದಕ್ಕೆ ಮಾತ್ರ ಕೊಳ್ಳುತ್ತಿದ್ದೇನೆಂದು ಹೇಳುವ ಸಂಗ್ರಾಹಕನೂ ಬೋಲ್ಟನ್ನು ಹಿಂದಕ್ಕೆಳೆದು ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ಒಳಗೆ ನೋಡುತ್ತಾನೆ: ಎಡಕ್ಕೆ ಸುತ್ತುವ ಐದು ತೋಡುಗಳು ಚೂಪಾದ ಅಂಚಿನಿಂದ ಹೊಳೆಯುತ್ತಿದ್ದರೆ ಒಂದು ಬೆಲೆ, ಮಂಕಾಗಿ ತುಕ್ಕಿನ ಗುಳಿಗಳು ಬಿದ್ದಿದ್ದರೆ ಇನ್ನೊಂದು. ಗೋಡೆಯ ಮೇಲೆ ತೂಗುವ ವಸ್ತುವಿನ ಒಳಮೈಯನ್ನು ಯಾರು ನೋಡುತ್ತಾರೆ? ಕೊಲ್ಲುವ ಸಹಜ ಶಕ್ತಿಯನ್ನು ಬಯಸದವನೂ ಅದಕ್ಕೆ ಹಣ ಕೊಡುತ್ತಾನೆಂಬುದು ಇಲ್ಲಿನ ಸಂಗತಿ. ಇದಕ್ಕೊಂದು ಆಕ್ಷೇಪವಿದೆ: ನಳಿಗೆಗೆ ಬೆಸುಗೆ ಹಾಕಿ ಹಾರಿಸಲಾಗದಂತೆ ಮಾಡಿದ ಕೋವಿಗಳಿಗೂ ಬ್ರಿಟನ್ನಿನಂಥ ದೇಶಗಳಲ್ಲಿ ಒಳ್ಳೆಯ ಬೆಲೆಯಿದೆ, ಆದುದರಿಂದ ಶಕ್ತಿಯೇ ಬೆಲೆಯ ಮೂಲವೆಂಬುದು ನಿಲ್ಲುವುದಿಲ್ಲ. ಆಕ್ಷೇಪ ಗಟ್ಟಿಯಾದದ್ದೇ. ಆದರೆ ಆ ಬೆಲೆ ಬರುವುದು ಪರವಾನಗಿಯಿಲ್ಲದ ಹೆಚ್ಚು ಜನ ಅದನ್ನು ಕೊಳ್ಳಬಹುದೆಂಬುದರಿಂದ, ಮತ್ತು ಅವರು ಬಯಸುವುದು ಒಂದು ಕಾಲದಲ್ಲಿ ಹಾರಿಸಬಲ್ಲದಾಗಿದ್ದ ಕೋವಿಯನ್ನೇ. ಮೊದಲಿನಿಂದಲೂ ಹಾರದ, ಅಚ್ಚಿನಲ್ಲಿ ಎರಕ ಹೊಯ್ದ ಪ್ರತಿಕೃತಿಗೆ ಅಷ್ಟು ಹಣ ಕೊಡುವವರಿಲ್ಲ. ಅಳಿದ ಶಕ್ತಿಯ ನೆನಪು ಅಲ್ಲಿ ಆಧೇಯವಾಗಿ ಉಳಿದಿದೆ ಎನ್ನುವುದು ಹೆಚ್ಚು ಸಮಂಜಸ.

ಸಹಜ ಶಕ್ತಿಗೆ ಬೆಲೆ ಕಟ್ಟಿ ಅದನ್ನು ಇನ್ನೊಬ್ಬನ ಕೈಗೆ ದಾಟಿಸುವುದು ಧರ್ಮದ ದೃಷ್ಟಿಯಿಂದ ಎಂಥ ಕರ್ಮವೆಂಬುದು ಮುಂದಿನ ಮತ್ತು ಹೆಚ್ಚು ಕಠಿಣವಾದ ಪ್ರಶ್ನೆ. ಅಂಗುತ್ತರ ನಿಕಾಯದಲ್ಲಿ ಉಪಾಸಕನು ಮಾಡಬಾರದೆಂದು ಹೇಳಿದ ಐದು ವ್ಯಾಪಾರಗಳಲ್ಲಿ ಶಸ್ತ್ರದ ವ್ಯಾಪಾರವೂ ಒಂದು. ಸಮಂತಭದ್ರನದೆಂದು ಪ್ರಸಿದ್ಧವಾದ 'ರತ್ನಕರಂಡಕ ಶ್ರಾವಕಾಚಾರ' ಇನ್ನೂ ಮುಂದೆ ಹೋಗುತ್ತದೆ. ಗೃಹಸ್ಥನು ಬಿಡಬೇಕಾದ ಅನರ್ಥದಂಡ, ಅಂದರೆ ತನಗೆ ಯಾವ ಪ್ರಯೋಜನವೂ ಇಲ್ಲದೆ ಕಟ್ಟಿಕೊಳ್ಳುವ ಪಾಪ, ಐದು ಬಗೆಯಾಗಿದ್ದು ಅದರಲ್ಲಿ ಹಿಂಸಾದಾನವೂ ಸೇರಿದೆ. ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ಸಂಕೋಲೆ ಮೊದಲಾದ ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದೇ ಹಿಂಸಾದಾನ. ಗುದ್ದಲಿಯನ್ನೂ ಇದರಲ್ಲಿ ಸೇರಿಸಿರುವುದು ಯೋಚಿಸಬೇಕಾದ ವಿಷಯ. ಮಣ್ಣಿನ ಜೀವಿಗಳನ್ನು ನೆನೆದರೆ ಗುದ್ದಲಿಗೂ ಕೊಲ್ಲುವ ಶಕ್ತಿಯಿದೆ, ಕೊಡುವವನ ಉದ್ದೇಶ ಸಾಧುವಾಗಿದ್ದ ಮಾತ್ರಕ್ಕೆ ಆ ಶಕ್ತಿ ಇಲ್ಲವಾಗುವುದಿಲ್ಲ. ಕೋವಿ ಕೊಲ್ಲುವುದಿಲ್ಲ, ಹಿಡಿದವನು ಕೊಲ್ಲುತ್ತಾನೆ ಎಂಬ ಪ್ರಚಲಿತ ಸಮರ್ಥನೆಯನ್ನು ಶ್ರಾವಕಾಚಾರದ ಮುಂದಿಟ್ಟರೆ ಅದಕ್ಕೆ ಅರ್ಧ ಅಂಕ ಮಾತ್ರ ಸಿಕ್ಕೀತು: ಕರ್ತೃ ಹಿಡಿದವನೇ ಹೌದು, ಸಾಧನ ಒದಗಿಸಿದವನ ಪಾಲು ಅದರಿಂದ ಅಳಿಯದು.

ಜೈನ ಪರಂಪರೆ ಆಯುಧವನ್ನು ಮುಟ್ಟಲೇ ಬಾರದೆಂದಿತೆಂದು ಇದರಿಂದ ತಿಳಿಯಬಾರದು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿಯಾಗಿದ್ದು ಅನೇಕ ಯುದ್ಧಗಳನ್ನು ಗೆದ್ದವನು. ಕೊಲ್ಲಲೆಂದೇ ಸಂಕಲ್ಪಿಸಿ ಮಾಡುವ ಹಿಂಸೆಯನ್ನು ಗೃಹಸ್ಥನು ಪೂರ್ತಿ ಬಿಡಬೇಕು, ಅಡುಗೆ ಮುಂತಾದ ಆರಂಭದಲ್ಲಿ, ಬೇಸಾಯ ಮುಂತಾದ ಉದ್ಯೋಗದಲ್ಲಿ, ಆಕ್ರಮಣವನ್ನು ಎದುರಿಸುವ ವಿರೋಧದಲ್ಲಿ ಸಂಭವಿಸುವ ಹಿಂಸೆಯನ್ನು ಅನಿವಾರ್ಯವಾದಷ್ಟಕ್ಕೆ ಮಿತಗೊಳಿಸಬೇಕು ಎಂಬ ವಿಂಗಡಣೆ ಇಂಥವರ ಬಾಳಿಗೂ ಎಡೆ ಮಾಡಿಕೊಟ್ಟಿತು. ಪಿತ್ರಾರ್ಜಿತ ಕೋವಿಯ ವಾರಸುದಾರ ನಿಲ್ಲುವುದು ಈ ನಾಲ್ಕರಲ್ಲಿ ಯಾವುದರಲ್ಲಿಯೂ ಸ್ಪಷ್ಟವಾಗಿ ಸೇರದ ಜಾಗದಲ್ಲಿ. ಅವನು ಅದನ್ನು ಬಯಸಿ ಕೊಂಡಿಲ್ಲ, ಅವನಿಗೆ ಶತ್ರುವಿಲ್ಲ, ಅನೇಕ ವೇಳೆ ತೋಟವೂ ಇಲ್ಲ. ಅವನು ಇಟ್ಟುಕೊಳ್ಳಬಯಸುವುದು ಆಧೇಯ ಶಕ್ತಿಯನ್ನು, ಜೊತೆಗೆ ಬಂದದ್ದು ಸಹಜ ಶಕ್ತಿ. ಮಾರಿದರೆ ಕೊಳ್ಳುವವನಿಗೆ ಹೋಗುವುದು ಸಹಜ ಶಕ್ತಿ ಮಾತ್ರ, ಏಕೆಂದರೆ ಕುಲದ ಸಾನ್ನಿಧ್ಯ ಕ್ರಯಪತ್ರದಲ್ಲಿ ವರ್ಗಾವಣೆಯಾಗುವ ವಸ್ತುವಲ್ಲ. ಹೀಗಾಗಿ ಮಾರುವ ವಾರಸುದಾರ ತನಗೆ ಬೇಕಾದದ್ದನ್ನು ಕಳೆದುಕೊಂಡು, ತನಗೆ ಬೇಡವಾದದ್ದನ್ನೇ ಲೋಕಕ್ಕೆ ದಾಟಿಸುವ ವಿಚಿತ್ರ ಸ್ಥಿತಿಗೆ ಬರುತ್ತಾನೆ. ಹಿಂಸಾದಾನದ ದೋಷ ಅವನಿಗೆ ತಗಲುತ್ತದೆಯೇ ಎಂದರೆ, ಕೊಳ್ಳುವವನು ಯಾರು, ಯಾವ ಕಾರಣಕ್ಕೆ ಕೊಳ್ಳುತ್ತಾನೆ ಎಂಬುದನ್ನು ವಿಚಾರಿಸದೆ ಹೆಚ್ಚು ಬೆಲೆ ಕೊಟ್ಟವನಿಗೆ ಕೊಟ್ಟಲ್ಲಿ ತಗಲುತ್ತದೆ ಎನ್ನದೆ ವಿಧಿಯಿಲ್ಲ.

ಭಾರತದ ಕಾನೂನು ಈ ಜಿಜ್ಞಾಸೆಯನ್ನು ತನ್ನದೇ ಭಾಷೆಯಲ್ಲಿ ನಡೆಸಿದೆ. 2016ರ ಶಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರ ತೀರಿಕೊಂಡ ಮೇಲೆ, ಅಥವಾ ಅವನಿಗೆ 70 ವರ್ಷ ತುಂಬಿದಾಗ, ಇಲ್ಲವೇ ಅವನು 25 ವರ್ಷ ಕೋವಿಯನ್ನು ಇಟ್ಟುಕೊಂಡಿದ್ದ ಮೇಲೆ, ವಾರಸುದಾರನಿಗೆ ಅರ್ಹತೆಯಿದ್ದರೆ ಅವನ ಹೆಸರಿಗೆ ಪರವಾನಗಿ ಕೊಡಬಹುದು. 2019ರ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು, ಪಿತ್ರಾರ್ಜಿತವಾದವೂ ಆ ಮಿತಿಗೆ ಒಳಪಟ್ಟವು, ಹೆಚ್ಚಿನದನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕಾಯಿತು. ಮೂರು ಕೋವಿಗಳಿದ್ದ ಮನೆಯಲ್ಲಿ ಯಾವುದನ್ನು ಬಿಡುವುದೆಂದು ಕುಳಿತು ತೀರ್ಮಾನಿಸಬೇಕಾದಾಗ, ಕೊಳ್ಳುವವನೂ ಚೌಕಾಸಿಯೂ ಇಲ್ಲದ ಒಂದು ಬೆಲೆಕಟ್ಟುವಿಕೆ ನಡೆದುಹೋಗುತ್ತದೆ. ಈ ಲೆಕ್ಕಕ್ಕೆ ಸಿಗದೆ ಉಳಿಯುವ ಒಂದು ವರ್ಗವನ್ನು 1959ರ ಕಾಯ್ದೆಯ 45ನೆಯ ಕಲಮು ಮೊದಲೇ ಗುರುತಿಸಿತ್ತು: ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ, ದುರಸ್ತಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಉಪಯೋಗಿಸಲಾಗದ ಆಯುಧಗಳಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಪ್ರತಿಬಂಧಕ ತೆಗೆದರೆ ಮರಳುವ ಶಕ್ತಿಯನ್ನೂ ಮರಳಲಾರದೆ ನಾಶವಾದ ಶಕ್ತಿಯನ್ನೂ ಮೀಮಾಂಸಕರಷ್ಟೇ ಎಚ್ಚರದಿಂದ ಬೇರ್ಪಡಿಸಿದ ಆ ವಾಕ್ಯದ ಪ್ರಕಾರ, ನಳಿಗೆ ಕಟ್ಟಿ, ಕುದುರೆ ಮುರಿದು, ಕೇಪು ಇಡುವ ಮೊಳೆ ಸವೆದುಹೋದ ಮುತ್ತಜ್ಜನ ಮದ್ದಿನ ಕೋವಿ ಆಯುಧಪೂಜೆಯ ದಿನ ಅರಿಸಿನ ಕುಂಕುಮ ಪಡೆಯುತ್ತ ಮನೆಯಲ್ಲೇ ಇರಬಹುದು. ಅದರ ಪಕ್ಕದಲ್ಲಿದ್ದ, ಎಣ್ಣೆ ಹಚ್ಚಿ ಜೋಪಾನ ಮಾಡಿದ, ಪೇಟೆಯಲ್ಲಿ ಒಳ್ಳೆಯ ಬೆಲೆ ಬರುವ ಮೂರನೆಯ ಕೋವಿ ಠಾಣೆಗೆ ಹೋಗಬೇಕು.